ಮೀಟರ್ ಗೇಜ್ ಕಾಲದ ನಮ್ಮ ಪ್ಯಾಸೆಂಜರ್ ಗಾಡಿ

(ಗದಗಿನ ಒಂದು ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಆಡಿದ ಹಾಗೆಯೇ ಇಟ್ಟಿದ್ದೇನೆ. ಸಭೆಯಲ್ಲಿದ್ದ ಹಿರಿಯರು ನಡುನಡುವೆ ಹೇಳಿದ್ದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿ ಸ್ಟೇಷನ್ ಅಂದ ಕೂಡಲೇ ಈಗ ಎಲ್ಲರೂ ಪ್ಲಾಟ್‌ಫಾರ್ಮ್ ಬಗ್ಗೆ ಮಾತಾಡುತ್ತಾರೆ. 1,507 ಮೀಟರ್ ಉದ್ದ. ಜಗತ್ತಿನಲ್ಲೇ ಉದ್ದದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ನನಗೂ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಪ್ಲಾಟ್‌ಫಾರ್ಮೇ ಸರಿಯಾಗಿ ಇಲ್ಲದ ಸ್ಟೇಷನ್‌ಗಳ ಕಥೆ. ಗರಸು ಹಾಕಿದ ನೆಲದ ಮೇಲೆ ನಿಂತು, ಮೊದಲು ಗಂಟು ಒಳಗೆ ಒಗೆದು, ಆಮೇಲೆ ಕಂಬಿ ಹಿಡಿದು ಹತ್ತುತ್ತಿದ್ದೆವಲ್ಲ, ಆ ಗಾಡಿಯ ಕಥೆ. ಮೀಟರ್ ಗೇಜ್ ಪ್ಯಾಸೆಂಜರ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ದಾರಿ ಎಲ್ಲೂ ಹೋಗಿಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಇವತ್ತೂ ಗಾಡಿ ಓಡುತ್ತದೆ, ಮುಂಚೆಗಿಂತ ಜಾಸ್ತಿಯೇ ಓಡುತ್ತದೆ. ಹಳಿ ಅಗಲ ಆಯಿತು, ಎರಡು ಸಾಲು ಆಯಿತು, ಮೇಲೆ ಕರೆಂಟ್ ತಂತಿ ಬಂತು. ಹಾಗಾದರೆ ಕಳೆದುಹೋದದ್ದು ಏನು? ಸಣ್ಣ ಊರಿನವರ ಸಮಯಕ್ಕೆ ಬರುತ್ತಿದ್ದ, ಸಣ್ಣ ಊರಿನಲ್ಲಿ ನಿಲ್ಲುತ್ತಿದ್ದ ಗಾಡಿ. ಕಳೆದುಹೋದದ್ದು ಒಂದು ಟೈಮ್ ಟೇಬಲ್ ಅಂತ ನಾನು ಹೇಳುತ್ತೇನೆ. ಅದರ ಸುತ್ತ ನಮ್ಮ ಹಿರಿಯರು ಬದುಕು ಕಟ್ಟಿಕೊಂಡಿದ್ದರು. ಅದಕ್ಕೇ ನನಗೆ ಅದು ಇಷ್ಟು ಮುಖ್ಯ ಅನ್ನಿಸುವುದು.

ಈ ದಾರಿ ಯಾಕೆ ಬಂತು ಅನ್ನುವುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. ಬರದಿಂದ ಬಂತು. 1876ರಿಂದ 78ರವರೆಗಿನ ಬರ ನಮ್ಮ ಧಾರವಾಡ ಜಿಲ್ಲೆಯನ್ನು, ಆಗಿನ ಕಲಾದಗಿ ಜಿಲ್ಲೆಯನ್ನು ಪೂರ್ತಿ ಹಿಂಡಿಹಾಕಿತು. ಕಲಾದಗಿ ಜಿಲ್ಲೆ ಅಂದರೆ ಇವತ್ತಿನ ವಿಜಯಪುರ, ಬಾಗಲಕೋಟೆ ಸೀಮೆ. ಬೇರೆ ಕಡೆ ಕಾಳು ಇತ್ತು. ಇಲ್ಲಿಗೆ ತರುವುದು ಹೇಗೆ? ಎತ್ತಿನ ಬಂಡಿಯಲ್ಲಿ ತರಬೇಕು. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಕಾಳು ಒಂದು ಕಡೆ, ಹಸಿದವರು ಇನ್ನೊಂದು ಕಡೆ. 1880ರಲ್ಲಿ ಬಂದ ಬರದ ಆಯೋಗ ಇಂಥ ಸೀಮೆಗಳಿಗೆ ರೈಲು ಹಾಕಲೇಬೇಕು ಅಂದಿತು. ಮುಂದೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಖರ್ಚು ಕಡಿಮೆ ಇರಲಿ, ಬೇಗ ಮುಗಿಯಲಿ ಅಂತ ಮೀಟರ್ ಗೇಜ್ ಆರಿಸಿದರು. ಎರಡು ಹಳಿಗಳ ನಡುವೆ ಒಂದೇ ಮೀಟರ್. ಈಗಿನ ಬ್ರಾಡ್ ಗೇಜ್‌ನಲ್ಲಿ 1,676 ಮಿಲಿಮೀಟರ್ ಇರುತ್ತದೆ. ಲೆಕ್ಕ ಹಾಕಿ ನೋಡಿ, ಎಷ್ಟು ಸಣ್ಣ ಗಾಡಿ ಅದು ಅಂತ.

1884ರಲ್ಲಿ ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಹಳಿ ಬಂತು. ಅಂದರೆ ನಮ್ಮ ಗದಗು ಈ ಭಾಗದಲ್ಲಿ ರೈಲು ಕಂಡ ಮೊದಲ ಊರುಗಳಲ್ಲಿ ಒಂದು. ಮುಂದೆ ಬಳ್ಳಾರಿ ಕಡೆಯಿಂದ ಒಂದು ದಾರಿ ಬಂದು ಇಲ್ಲೇ ಸೇರಿಕೊಂಡಿತು, ಇನ್ನೊಂದು ಕಡೆ ಹುಬ್ಬಳ್ಳಿಗೆ ಹೋಯಿತು. ಹುಬ್ಬಳ್ಳಿಯಲ್ಲಿ 1885ರಲ್ಲಿ ವರ್ಕ್‌ಶಾಪ್ ಶುರು ಆಯಿತು. ಹುಬ್ಬಳ್ಳಿ ಇಷ್ಟು ದೊಡ್ಡದಾಗಿ ಬೆಳೆದದ್ದಕ್ಕೆ ಆ ವರ್ಕ್‌ಶಾಪ್ ದೊಡ್ಡ ಕಾರಣ. ಅದರ ಭೋಂಗಾ ಕೇಳಿ ಅಡಿಗೆಗೆ ಎಸರಿಡುತ್ತಿದ್ದ ಮನೆಗಳು ಗದಗ ರಸ್ತೆ, ಕೇಶ್ವಾಪುರದ ಸುತ್ತ ಎಷ್ಟು ಇದ್ದವೋ! ಧಾರವಾಡದ ಪಾಲಿಗೆ ಕಂಪನಿಯ ಹೆಡ್ ಆಫೀಸ್ ಬಂತು. 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿಸಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಅಂತ ಮಾಡಿದಾಗ ಆಫೀಸು ಮದ್ರಾಸಿಗೆ ಹೋಯಿತು. ಆ ಕಟ್ಟಡ ಏನಾಯಿತು ಅಂತ ನಿಮಗೆ ಗೊತ್ತು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಮುಂದೆ ಅದರೊಳಗೆ ಬಂತು. ಇವತ್ತು ಆ ಕಾಲೇಜಿನ ಕಲ್ಲಿನ ಕಮಾನುಗಳ ಕೆಳಗೆ ನಡೆದು ಹೋಗುವ ಹುಡುಗ ಹುಡುಗಿಯರು ರೈಲ್ವೆ ಆಫೀಸಿನಲ್ಲೇ ನಡೆಯುತ್ತಿದ್ದಾರೆ. ಎಷ್ಟು ಜನಕ್ಕೆ ಗೊತ್ತಿದೆ ಹೇಳಿ?

ಹತ್ತಿಯ ಮಾತು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ರೈಲಿಗೆ ಮುಂಚೆ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬಂಡಿಗಳ ಸಾಲು. ಮಳೆಗಾಲ ಬಂದರೆ ದಾರಿ ಬಂದ್. 1888ರಲ್ಲಿ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಗೋವಾದ ಮಾರ್ಮಗೋವಾ ಬಂದರಿಗೆ ಹಳಿ ಸೇರಿತು. ಹತ್ತಿ ಆ ಕಡೆ ತಿರುಗಿತು, ಕುಮಟೆಯ ಹತ್ತಿ ವ್ಯಾಪಾರ ಸೊರಗಿತು. ಗದಗು, ಹುಬ್ಬಳ್ಳಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳು ಸ್ಟೇಷನ್ ಹತ್ತಿರವೇ ಎದ್ದವು. ಒಂದು ದಾರಿ ಬಂದರೆ ಇನ್ನೊಂದು ದಾರಿ ಸಾಯುತ್ತದೆ. ಇದು ನಮ್ಮ ರೈಲಿನ ಕಾಲಕ್ಕೂ ಆಗಿತ್ತು, ಅದನ್ನೂ ನೆನಪಿಡಬೇಕು ಅಲ್ವಾ?

ಈಗ ಗಾಡಿ ಹತ್ತೋಣ.

ಹುಬ್ಬಳ್ಳಿ ಬಿಟ್ಟರೆ ಕುಸುಗಲ್ಲ, ಹೆಬಸೂರು, ಶಿಶುವಿನಹಳ್ಳಿ, ಅಣ್ಣಿಗೇರಿ, ಹುಲಕೋಟಿ, ಬಿಂಕದಕಟ್ಟಿ, ಗದಗು. ಸುಮಾರು 58 ಕಿಲೋಮೀಟರ್. ನಾನು ಈ ಹೆಸರುಗಳನ್ನು ಹೇಳಲು ಶುರು ಮಾಡಿದಾಗ ಸಭೆಯಲ್ಲಿ ಅರ್ಧ ಜನ ನನ್ನ ಜೊತೆಗೇ ಹೇಳುತ್ತಿದ್ದರು. ಹಾವೇರಿ ಕಡೆಯಿಂದ ಬಂದವರು ಸುಮ್ಮನಿರುತ್ತಾರೆಯೇ? ಕುಂದಗೋಳ, ಸಂಶಿ, ಗುಡಗೇರಿ, ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಅಂತ ಹರಿಹರದವರೆಗೂ ಒಂದೇ ಉಸಿರಿಗೆ ಒಪ್ಪಿಸಿದರು. ಚಿಕ್ಕವರಿದ್ದಾಗ ಕಿಟಕಿಯಲ್ಲಿ ಕೂತು ಕಲಿತದ್ದು ಅದು. ಯಾವ ಮಾಸ್ತರರೂ ಕಲಿಸಿದ್ದಲ್ಲ. ಎಕ್ಸ್‌ಪ್ರೆಸ್‌ನಲ್ಲಿ ಹೋಗುವ ಮಕ್ಕಳಿಗೆ ಈ ಹೆಸರು ಓದುವುದಕ್ಕೇ ಸಮಯ ಸಿಗುವುದಿಲ್ಲ, ಬೋರ್ಡು ಹಾಗೇ ಹಿಂದೆ ಹೋಗಿಬಿಡುತ್ತದೆ.

ಬೆಳಗಿನ ಗಾಡಿಗೆ ಯಾರು ಹತ್ತುತ್ತಿದ್ದರು? ಹಾಲಿನ ಕ್ಯಾನ್ ಹಿಡಿದವರು. ಬುಟ್ಟಿ ತುಂಬ ಮೆಂತ್ಯೆ, ರಾಜಗಿರಿ, ಹಕ್ಕರಕಿ ಹೊತ್ತ ಹೆಣ್ಣುಮಕ್ಕಳು. ಗದಗಿನ ಮಾರ್ಕೆಟ್‌ಗೆ ಹೋಗುವವರು, ಹುಬ್ಬಳ್ಳಿಯ ಕೋರ್ಟು ಕಚೇರಿಗೆ ಹೋಗುವವರು, ಮಾಸ್ತರರು, ಕಾಲೇಜು ಹುಡುಗರು. ಬೆಟಗೇರಿಯ ನೇಕಾರರು ಸೀರೆಯ ಗಂಟಿನ ಜೊತೆ. ಪಾಸ್ ಇದ್ದವರಿಗೆ ತಮ್ಮದೇ ಡಬ್ಬಿ, ತಮ್ಮದೇ ಜಾಗ. ಒಂದು ದಿನ ಯಾರಾದರೂ ಬರಲಿಲ್ಲ ಅಂದರೆ ಮರುದಿನ ಮನೆಗೆ ಹೋಗಿ ವಿಚಾರಿಸುತ್ತಿದ್ದರು. ಮದುವೆ ಸಂಬಂಧ ಕುದುರಿದ್ದು, ಹೊಲದ ಬೆಲೆ ಗೊತ್ತಾಗಿದ್ದು, ಯಾವ ಊರಿನಲ್ಲಿ ಯಾವ ನಾಟಕ ಕಂಪನಿ ಬಂದಿದೆ ಅಂತ ಸುದ್ದಿ ಹರಡಿದ್ದು, ಎಲ್ಲ ಆ ಮರದ ಬೆಂಚಿನ ಮೇಲೆ.

ಆ ಡಬ್ಬಿಯೊಳಗೆ ಸುಖ ಇತ್ತು ಅಂತ ನಾನು ಹೇಳುವುದಿಲ್ಲ. ಮರದ ಪಟ್ಟಿಯ ಸೀಟು. 1974ರಲ್ಲಿ ಮೂರನೇ ದರ್ಜೆ ತೆಗೆದು ಅದಕ್ಕೇ ಎರಡನೇ ದರ್ಜೆ ಅಂದರು, ಬೆಂಚು ಮಾತ್ರ ಅದೇ. ಕಿಟಕಿಗೆ ಮರದ ಕಂಡಿಗಳ ಬಾಗಿಲು, ಎತ್ತಿದರೆ ನಿಲ್ಲುವುದಿಲ್ಲ, ಬಿಟ್ಟರೆ ಬೆರಳ ಮೇಲೆ ಬೀಳುತ್ತಿತ್ತು. ಉಗಿ ಎಂಜಿನ್ ಇದ್ದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಕಲ್ಲಿದ್ದಲ ಕಿಡಿ. ಬಿಳಿ ಧೋತರ ಉಟ್ಟು ಲಗ್ನಕ್ಕೆ ಹೊರಟವರು ಇಳಿಯುವಾಗ ಬೂದು ಬಣ್ಣ ಆಗಿರುತ್ತಿದ್ದರು. ಪ್ಯಾಸೆಂಜರ್ ಎಳೆಯುತ್ತಿದ್ದದ್ದು ವೈಪಿ ಅನ್ನುವ ಎಂಜಿನ್. ಸರಕಿನ ಗಾಡಿಗೆ ವೈಜಿ. ಆಮೇಲೆ ವೈಡಿಎಂ4 ಅನ್ನುವ ಡೀಸೆಲ್ ಬಂತು. ಎಂಜಿನ್ನಿನ ಹೆಸರು ಗೊತ್ತಿಲ್ಲದವರಿಗೂ ಅದರ ದನಿ ಗೊತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಜ್ಜರೊಬ್ಬರು ಇಲ್ಲಿ ನನ್ನನ್ನು ತಡೆದರು. "ತಮ್ಮಾ, ಎರಡನ್ನೂ ನೀ ಒಂದ ಮಾಡಬ್ಯಾಡ. ಉಗಿ ಎಂಜಿನ್ ಉಸುರು ಬಿಡತಿತ್ತು, ಡೀಸೆಲ್ ಬರೇ ಗುರುಗುಟ್ಟತಿತ್ತು" ಅಂದರು. ಅವರು ಫೈರ್‌ಮನ್ ಆಗಿ ಕಲ್ಲಿದ್ದಲು ಎತ್ತಿ ಹಾಕಿದವರು. ಅವರ ಮಾತೇ ಸರಿ.

ಟೋಕನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಅಪ್ಪ ಈ ದಾರಿಯ ಒಂದು ಸಣ್ಣ ಸ್ಟೇಷನ್‌ನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು, ಅಂದರೆ ಗಾಡಿಗೆ ಹಳಿ ತಿರುಗಿಸಿ ಕೊಡುವ ಕೆಲಸ, ನಾನು ಇದನ್ನು ಹತ್ತಿರದಿಂದ ನೋಡಿದವನು. ಆಗ ಇದ್ದದ್ದು ಒಂದೇ ಸಾಲು ಹಳಿ. ಹೋಗುವ ಗಾಡಿಯೂ ಬರುವ ಗಾಡಿಯೂ ಅದರ ಮೇಲೇ. ಎದುರುಬದರು ಬಂದರೆ ಗತಿ? ಅದಕ್ಕೆ ಒಂದು ಬಹಳ ಸರಳವಾದ, ಬಹಳ ಗಟ್ಟಿಯಾದ ವ್ಯವಸ್ಥೆ ಇತ್ತು. ಪಕ್ಕಪಕ್ಕದ ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಕಬ್ಬಿಣದ ಯಂತ್ರ. ಎರಡಕ್ಕೂ ನಡುವೆ ತಂತಿ. ಒಳಗೆ ಲೋಹದ ಗುಂಡುಗಳು, ಟೋಕನ್ ಅಂದರೆ ಇವೇ. ಆ ಕಡೆಯ ಸ್ಟೇಷನ್ ಮಾಸ್ತರರು ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆಯ ಯಂತ್ರದಿಂದ ಒಂದು ಗುಂಡು ಹೊರಗೆ ಬರುತ್ತಿತ್ತು. ಒಂದು ಹೊರಗೆ ಬಂದಿತು ಅಂದರೆ, ಅದು ಮತ್ತೆ ಯಾವುದಾದರೂ ಒಂದು ಯಂತ್ರದೊಳಗೆ ಬೀಳುವವರೆಗೆ ಎರಡನೆಯದು ಯಾರು ಏನು ಮಾಡಿದರೂ ಬರುತ್ತಿರಲಿಲ್ಲ. ಆ ಗುಂಡು ಕೈಯಲ್ಲಿದ್ದ ಡ್ರೈವರ್‌ಗೆ ಮಾತ್ರ ಆ ತುಂಡು ದಾರಿಯ ಹಕ್ಕು.

ನಿಲ್ಲುವ ಗಾಡಿಗೆ ಕೈಗೆ ಕೊಟ್ಟರೆ ಆಯಿತು. ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್‌ಗೆ? ಗುಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ಒಂದು ದೊಡ್ಡ ಬಳೆಗೆ ಕಟ್ಟಿ, ಹಳಿಯ ಪಕ್ಕ ಎತ್ತಿ ಹಿಡಿದು ನಿಲ್ಲಬೇಕು. ಓಡುವ ಎಂಜಿನ್‌ನಿಂದ ಒಬ್ಬ ಬಗ್ಗಿ ತೋಳು ತೂರಿಸಿ ಆ ಬಳೆ ಎತ್ತಿಕೊಳ್ಳುತ್ತಾನೆ, ಅದೇ ಹೊತ್ತಿಗೆ ಹಿಂದಿನ ಸ್ಟೇಷನ್‌ನ ಬಳೆಯನ್ನು ಕೆಳಗೆ ಒಗೆಯುತ್ತಾನೆ. ರಾತ್ರಿ ಆದರೆ ಒಂದು ಕೈಯಲ್ಲಿ ಬಳೆ, ಇನ್ನೊಂದು ಕೈಯಲ್ಲಿ ಉರಿಯುವ ಮಶಾಲು. ಮಳೆ ಇರಲಿ, ಗಾಳಿ ಇರಲಿ. ಅಪ್ಪನ ಬಲಗೈ ಮುಂಗೈ ಮೇಲೆ ಬಳೆ ಬಡಿದ ಗುರುತು ಕೊನೆಯವರೆಗೂ ಇತ್ತು. ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಬಿದ್ದ ಬಳೆಯನ್ನು ಹುಡುಕಿ ತರುವುದು ನಮ್ಮ ಕೆಲಸ. ಜೋಳದ ಹೊಲದೊಳಗೆ ಬಿದ್ದರೆ ಲಾಟೀನು ಹಿಡಿದು ಹುಡುಕಬೇಕು, ಯಾಕೆಂದರೆ ಅದು ಯಂತ್ರದೊಳಗೆ ಬೀಳುವವರೆಗೆ ಮುಂದಿನ ಗಾಡಿ ನಿಂತೇ ಇರುತ್ತಿತ್ತು. ನೂರಾರು ಜನರ ಜೀವ ಇಬ್ಬರು ಮಾಸ್ತರರ ಒಪ್ಪಿಗೆ ಮತ್ತು ಒಬ್ಬ ಪಾಯಿಂಟ್ಸ್‌ಮನ್ನನ ತೋಳಿನ ಮೇಲೆ ನಿಂತಿತ್ತು ಅನ್ನುವುದು ನನಗೆ ದೊಡ್ಡವನಾದ ಮೇಲೆ ಅರ್ಥ ಆಯಿತು. ಈಗ ಬಣ್ಣದ ದೀಪದ ಸಿಗ್ನಲ್ ಇದೆ, ಕಂಪ್ಯೂಟರ್ ಇದೆ. ಒಳ್ಳೆಯದೇ. ಆದರೆ ಆ ಕೆಲಸ ಮಾಡಿದವರ ಬಗ್ಗೆ ನಮ್ಮ ಕಡೆ ಯಾರೂ ಬರೆದಿಟ್ಟಿಲ್ಲ, ಅದು ನನಗೆ ತುಂಬ ಬೇಜಾರಿನ ವಿಷಯ.

ಇನ್ನು ಕುಂದಗೋಳಕ್ಕೆ ಬರುತ್ತೇನೆ. ಹುಬ್ಬಳ್ಳಿಯಿಂದ ಹಾವೇರಿ ದಾರಿಯಲ್ಲಿ, ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಇದ್ದರು. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಇದ್ದರು. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲೇ ಹುಬ್ಬಳ್ಳಿಗೆ ಬರುತ್ತಿದ್ದರು. ಅದೇ ಹೊತ್ತಿಗೆ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಇದ್ದು, ನೀರು ಹೊತ್ತು, ಸೇವೆ ಮಾಡಿ ಕಲಿಯುತ್ತಿದ್ದರು. ಗಂಗೂಬಾಯಿ ಅವರನ್ನು ಸ್ಟೇಷನ್‌ವರೆಗೆ ಬಿಡಲು ಭೀಮಸೇನರು ಜೊತೆಗೆ ನಡೆದು ಹೋಗುತ್ತಿದ್ದರು, ದಾರಿಯಲ್ಲಿ ಅವತ್ತಿನ ಪಾಠದ ಮಾತು ನಡೆಯುತ್ತಿತ್ತು ಅಂತ ಸಂಗೀತದವರು ಇವತ್ತಿಗೂ ಹೇಳುತ್ತಾರೆ.

ಸ್ವಲ್ಪ ಯೋಚನೆ ಮಾಡಿ. ಮನೆ, ಮಕ್ಕಳು, ಸಂಸಾರದ ಹೊಣೆ ಎಲ್ಲ ಇದ್ದ ಹೆಣ್ಣುಮಗಳು ಬೇರೆ ಊರಿಗೆ ಹೋಗಿ ಸಂಗೀತ ಕಲಿತು ಅದೇ ದಿನ ಮನೆಗೆ ಬರಬೇಕು. ಸ್ವಂತ ಗಾಡಿ ಇಲ್ಲ. ಬಸ್ಸು ಇವತ್ತಿನ ಹಾಗೆ ಇಲ್ಲ. ಅದು ಆದದ್ದು ಹೇಗೆ? ಹೋಗಲು ಒಂದು ಗಾಡಿ, ಬರಲು ಒಂದು ಗಾಡಿ, ಎರಡರ ನಡುವೆ ಪಾಠಕ್ಕೆ ಸಾಕಾಗುವಷ್ಟು ಸಮಯ. ಕುಂದಗೋಳದಂಥ ಊರಿನಲ್ಲಿ ಗಾಡಿ ನಿಲ್ಲುತ್ತಿತ್ತು, ಹೆಣ್ಣುಮಗಳು ಒಬ್ಬಳೇ ಹತ್ತಿ ಹೋಗಬಹುದಾದ ಗಾಡಿ ಆಗಿತ್ತು, ಟಿಕೆಟ್ ಕೈಗೆ ಎಟುಕುವಂತಿತ್ತು. ಆ ಗಾಯನ ಬೆಳೆದದ್ದು ಗುರುವಿನಿಂದ, ಸಾಧನೆಯಿಂದ. ಅದರಲ್ಲಿ ಎರಡು ಮಾತಿಲ್ಲ. ಆದರೆ ಗುರುವಿನ ಮನೆ ಬಾಗಿಲಿಗೆ ಮುಟ್ಟಿಸಿದ್ದು ಪ್ಯಾಸೆಂಜರ್ ಗಾಡಿ. ಇವರೆಲ್ಲರ ಹಾಡುಗಾರಿಕೆಯ ಪರಂಪರೆಯಾದ ಕಿರಾಣಾ ಘರಾಣೆಯ ಚರಿತ್ರೆ ಬರೆಯುವವರು ಮೀಟರ್ ಗೇಜ್‌ಗೆ ಒಂದು ಪುಟ ಕೊಡಬೇಕು ಅಂತ ನಾನು ಮನಸಾರೆ ಹೇಳುತ್ತೇನೆ.

ಭೀಮಸೇನರ ಕಥೆಯಂತೂ ಈ ಗದಗಿನ ಸ್ಟೇಷನ್‌ನದೇ. 1933ರಲ್ಲಿ, ಹನ್ನೊಂದು ವರ್ಷದ ಹುಡುಗ, ಗುರು ಬೇಕು ಅಂತ ಮನೆ ಬಿಟ್ಟ. ಟಿಕೆಟ್ ಇಲ್ಲದೆ ಗಾಡಿ ಹತ್ತಿ, ಡಬ್ಬಿಯಲ್ಲಿದ್ದವರಿಗೆ ಹಾಡಿ, ಅವರು ಕೊಟ್ಟಿದ್ದು ತಿಂದು, ಗ್ವಾಲಿಯರ್‌ವರೆಗೆ ಹೋದ. ಎಲ್ಲೆಲ್ಲೋ ತಿರುಗಿ ಜಲಂಧರ್ ಮುಟ್ಟಿದ. ಅಲ್ಲಿ ಗಾಯಕ ವಿನಾಯಕರಾವ್ ಪಟವರ್ಧನರು, ನಿಮ್ಮ ಸೀಮೆಯಲ್ಲೇ ಸವಾಯಿ ಗಂಧರ್ವರು ಇದ್ದಾರಲ್ಲ, ವಾಪಸ್ ಹೋಗು ಅಂತ ತಿಳಿಹೇಳಿದರು. ಇಡೀ ಹಿಂದೂಸ್ತಾನ ತಿರುಗಿ ಬಂದು ಕಲಿತದ್ದು ತನ್ನ ಊರಿನ ಪಕ್ಕದ ಕುಂದಗೋಳದಲ್ಲಿ.

ರಾತ್ರಿ ಗಾಡಿಗಳ ಬಗ್ಗೆ ಸಭೆಯಲ್ಲಿ ಎಲ್ಲರಿಗೂ ಹೇಳುವುದು ಇತ್ತು. ಮಹಾಲಕ್ಷ್ಮಿ, ಕಿತ್ತೂರು, ಗೋಲಗುಂಬಜ್. ಇವು ಮೂರೂ ಮೀಟರ್ ಗೇಜ್ ಎಕ್ಸ್‌ಪ್ರೆಸ್‌ಗಳೇ. ಗೋಲಗುಂಬಜ್ ಗದಗಿನವರ ಪಾಲಿಗೆ ಮನೆಯ ಗಾಡಿ. ಈ ಕಡೆ ಸೊಲ್ಲಾಪುರ, ಆ ಕಡೆ ಬೆಂಗಳೂರು. ಸೊಲ್ಲಾಪುರದ ಗಿರಣಿಗಳಿಗೆ ದುಡಿಯಲು ಹೋದವರು ಇದೇ ದಾರಿಯಲ್ಲಿ ಹೋದರು, ಹಬ್ಬಕ್ಕೆ ಇದೇ ದಾರಿಯಲ್ಲಿ ಬಂದರು. ಗದಗು ಬಿಟ್ಟರೆ ಹೊಂಬಳ, ಹೊಳೆಆಲೂರು. ಅಲ್ಲಿ ಮಲಪ್ರಭೆಯ ಸೇತುವೆ. ಮುಂದೆ ಬಾದಾಮಿ, ಗುಳೇದಗುಡ್ಡ ರೋಡ್, ಬಾಗಲಕೋಟೆ. ಆಲಮಟ್ಟಿ ಹತ್ತಿರ ಕೃಷ್ಣೆ. ಹೊಳೆ ಬಂತು ಅಂದರೆ ನಿದ್ದೆಯಲ್ಲಿದ್ದವರೂ ಎದ್ದು ಕಿಟಕಿಯಿಂದ ನಾಣ್ಯ ಒಗೆದು ಕೈ ಮುಗಿಯುತ್ತಿದ್ದರು.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಬಂದರೆ ಈ ದಾರಿಯ ಗಾಡಿಗಳಿಗೆ ಬೇರೆಯೇ ಕಳೆ. ಬನದ ಹುಣ್ಣಿಮೆಯ ಸುತ್ತ, ಜನವರಿ ಚಳಿಯಲ್ಲಿ, ಒಳಗೆ ಜಾಗ ಇಲ್ಲದೆ ಮೆಟ್ಟಿಲ ಮೇಲೆ, ಮಾಡಿನ ಮೇಲೆ ಜನ. ನಾಟಕ ಕಂಪನಿಗಳ ಪರದೆಗಳ ಸುರುಳಿ, ಪೆಟ್ಟಿಗೆಗಳು, ಹಾರ್ಮೋನಿಯಂ ಎಲ್ಲ ಬ್ರೇಕ್‌ವ್ಯಾನ್‌ನಲ್ಲಿ. ಬಾದಾಮಿಯಲ್ಲಿ ಇಳಿದರೆ ಬುಟ್ಟಿ ಇಟ್ಟುಕೊಂಡು ಕೂತ ತಾಯಂದಿರು, "ಬರ್ರಿ ಯಪ್ಪಾ, ರೊಟ್ಟಿ ತಗೋರಿ, ಮೊಸರ ಐತಿ, ಕೆಂಪ ಚಟ್ನಿ ಐತಿ" ಅಂತ ಕರೆಯುತ್ತಿದ್ದರು. ಹುಬ್ಬಳ್ಳಿ ಕಡೆ ಬಂದರೆ ಗಿರ್ಮಿಟ್, ಮಿರ್ಚಿ. ಧಾರವಾಡದಲ್ಲಿ ಪೇರಲ ಹಣ್ಣು, ಪೇಡೆ. ಇದನ್ನೆಲ್ಲ ಹೇಳುತ್ತಾ ಹೋದರೆ ಬೆಳಗಾಗುತ್ತದೆ, ಬಿಡಿ.

ಇಷ್ಟು ಒಳ್ಳೆಯ ಗಾಡಿ ಆಗಿದ್ದರೆ ತೆಗೆದದ್ದು ಯಾಕೆ? ಒಬ್ಬ ಕಾಲೇಜು ಹುಡುಗಿ ನೇರವಾಗಿ ಕೇಳಿದಳು. ನ್ಯಾಯವಾದ ಪ್ರಶ್ನೆ.

ತೆಗೆಯಬೇಕಿತ್ತು. ನಮ್ಮ ಮೀಟರ್ ಗೇಜ್ ಸುತ್ತಲೂ ಬ್ರಾಡ್ ಗೇಜ್ ಬಂದು ನಿಂತಿತ್ತು. ಗುಂತಕಲ್ಲಿನಲ್ಲಿ ಬ್ರಾಡ್ ಗೇಜ್, ಸೊಲ್ಲಾಪುರದಲ್ಲಿ ಬ್ರಾಡ್ ಗೇಜ್. ಪುಣೆ ಕಡೆಯ ಹಳಿ 1970ರ ದಶಕದ ಆರಂಭದಲ್ಲಿ ಅಗಲ ಆದ ಮೇಲೆ ಮೀರಜ್‌ನಲ್ಲೂ ಬ್ರಾಡ್ ಗೇಜ್. ಹುಬ್ಬಳ್ಳಿಯಿಂದ ಮುಂಬೈಗೆ ಹೋಗಬೇಕು ಅಂದರೆ ಮೀರಜ್‌ನಲ್ಲಿ ಇಳಿದು, ಹೆಂಡತಿ ಮಕ್ಕಳು ಟ್ರಂಕು ಹಾಸಿಗೆ ಸಮೇತ ಇನ್ನೊಂದು ಗಾಡಿಗೆ ಓಡಬೇಕು. ಜನ ಹೇಗೋ ಓಡುತ್ತಾರೆ. ಸರಕು? ಒಂದೊಂದು ಚೀಲವನ್ನೂ ಹಮಾಲರು ಸಣ್ಣ ವ್ಯಾಗನ್ನಿನಿಂದ ಇಳಿಸಿ ದೊಡ್ಡದಕ್ಕೆ ತುಂಬಬೇಕು. ಬ್ಯಾಡಗಿ ಮೆಣಸಿನಕಾಯಿ ಇರಲಿ, ಹತ್ತಿ ಇರಲಿ, ಹೊಸಪೇಟೆಯ ಅದಿರು ಇರಲಿ. ದಿನಗಳು ಹಾಳು, ಮಾಲು ಹಾಳು. ಇನ್ನು ವೇಗ. ಮೀಟರ್ ಗೇಜ್ ಗಾಡಿ ಗಂಟೆಗೆ 75 ಕಿಲೋಮೀಟರ್ ದಾಟುವುದೇ ಅಪರೂಪ. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯುನಿಗೇಜ್ ಯೋಜನೆ ಶುರುವಾಯಿತು. ಆಗ ರೈಲ್ವೆ ಮಂತ್ರಿ ನಮ್ಮವರೇ, ಸಿ.ಕೆ. ಜಾಫರ್ ಷರೀಫ್. ಕರ್ನಾಟಕದ ಹಳಿಗಳು ಬೇಗ ಬದಲಾದವು ಅಂದರೆ ಅದರ ಹಿಂದೆ ಅವರ ಹಟ ಇದೆ. ಬೆಂಗಳೂರು, ಹುಬ್ಬಳ್ಳಿ, ಮೀರಜ್ ದಾರಿ 90ರ ದಶಕದಲ್ಲೇ ಅಗಲವಾಯಿತು. ಇವತ್ತು ಹುಬ್ಬಳ್ಳಿಯಿಂದ ದಿಲ್ಲಿಗೆ ಒಂದೇ ಗಾಡಿಯಲ್ಲಿ ಹೋಗುತ್ತೇವೆ ಅಂದರೆ ಅದರ ಫಲ. 2003ರಲ್ಲಿ ನೈಋತ್ಯ ರೈಲ್ವೆಯ ಹೆಡ್ ಆಫೀಸು ಹುಬ್ಬಳ್ಳಿಗೆ ಬಂತು. 1908ರಲ್ಲಿ ಧಾರವಾಡದಿಂದ ಹೋದದ್ದು ಅವಳಿ ನಗರಕ್ಕೆ ತಿರುಗಿ ಬಂದ ಹಾಗೆ ನನಗೆ ಅನ್ನಿಸಿತು.

ನನ್ನ ನೋವು ಬೇರೆ ಕಡೆ ಇದೆ. ಗದಗಿನಿಂದ ಸೊಲ್ಲಾಪುರದ ಕಡೆಯ ಹಳಿಯನ್ನು ಒಮ್ಮೆಗೇ ಬದಲಿಸಲಿಲ್ಲ. ತುಂಡು ತುಂಡಾಗಿ, 2000ದ ದಶಕದಲ್ಲಿ ವರ್ಷಗಟ್ಟಲೆ ಎಳೆಯಿತು. ಇವತ್ತು ಈ ತುಂಡು ಬಂದ್, ನಾಳೆ ಆ ತುಂಡು ಬಂದ್. ಆ ವರ್ಷಗಳಲ್ಲಿ ಜನ ಏನು ಮಾಡಬೇಕು? ಬಸ್ಸು ಹಿಡಿದರು, ಟೆಂಪೋ ಹಿಡಿದರು, ಸಾಲ ಮಾಡಿ ಮೋಟಾರ್ ಸೈಕಲ್ ತಗೊಂಡರು. ಹಾಲಿನವರು ಡೇರಿಗೆ ಹಾಕಲು ಶುರು ಮಾಡಿದರು. ತರಕಾರಿಯ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಮಾರುವುದನ್ನೇ ಬಿಟ್ಟರು, ಯಾಕೆಂದರೆ ಬಸ್ಸಿನಲ್ಲಿ ಬುಟ್ಟಿಗೂ ಟಿಕೆಟ್ ಕೊಡಬೇಕು, ಮೇಲಾಗಿ ಕಂಡಕ್ಟರ್ ಬುಟ್ಟಿ ನೋಡಿದ ಕೂಡಲೇ ಸೀಟಿ ಊದುತ್ತಾನೆ. ಹೊಸ ಹಳಿ ಬಂದಾಗ ಹಳೆಯ ಪ್ರಯಾಣಿಕರು ಸ್ಟೇಷನ್‌ಗೆ ತಿರುಗಿ ಬರಲಿಲ್ಲ. ಜನ ಇಲ್ಲ ಅಂತ ನಿಲುಗಡೆ ಕಡಿಮೆ. ನಿಲುಗಡೆ ಇಲ್ಲ ಅಂತ ಜನ ಇನ್ನೂ ಕಡಿಮೆ. ನಾನು ಇದರಲ್ಲಿ ಯಾರ ಕಡೆಯೂ ಬೆರಳು ತೋರಿಸುವುದಿಲ್ಲ. ಆದರೆ ಹಳಿ ಅಗಲ ಮಾಡುವ ಲೆಕ್ಕದಲ್ಲಿ ಹೆಬಸೂರಿನ ಬೆಳಗಿನ ಬುಟ್ಟಿ ಇರಲಿಲ್ಲ ಅನ್ನುವುದು ಖರೆ.

ಅಳ್ನಾವರದವರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಅಲ್ಲಿಂದ ದಾಂಡೇಲಿ ಕಡೆ ಒಂದು ಕವಲು ದಾರಿ ಇದೆ, ಕಾಡಿನ ಕಟ್ಟಿಗೆಗಾಗಿ ಹಾಕಿದ್ದು. ಅಲ್ಲಿ ಪ್ಯಾಸೆಂಜರ್ ನಿಂತು ಎಷ್ಟೋ ವರ್ಷ ಆದ ಮೇಲೆ, 2019ರಲ್ಲಿ ಧಾರವಾಡದಿಂದ ದಾಂಡೇಲಿ ಹತ್ತಿರದ ಅಂಬೇವಾಡಿಗೆ ಮತ್ತೆ ಗಾಡಿ ಬಿಟ್ಟರು. ಜನ ಹೂವು ಕಟ್ಟಿ ಸ್ವಾಗತ ಮಾಡಿದರು. ಮುಂದಿನ ಮಾರ್ಚ್‌ನಲ್ಲಿ ಕೊರೊನಾ ಬಂದು ದೇಶದ ಎಲ್ಲ ಗಾಡಿಗಳ ಜೊತೆ ಅದೂ ನಿಂತಿತು.

ಕೊರೊನಾ ಮಾತು ಬಂತು, ಟಿಕೆಟ್ ಮಾತೂ ಹೇಳುತ್ತೇನೆ. ಗಾಡಿಗಳು ಮತ್ತೆ ಶುರುವಾದಾಗ ಪ್ಯಾಸೆಂಜರ್‌ಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿದರು. ಕಡಿಮೆ ಅಂದರೆ 10 ರೂಪಾಯಿ ಇದ್ದದ್ದು 30 ಆಯಿತು. 2024ರ ಆರಂಭದಲ್ಲಿ ಹಳೆಯ ದರಕ್ಕೆ ತಂದರು. ನಾಲ್ಕು ವರ್ಷಗಳ ಹತ್ತಿರ. ದಿನಗೂಲಿಗೆ ಹೋಗಿ ಬರುವ ಮನುಷ್ಯನಿಗೆ ದಿನಕ್ಕೆ ನಲವತ್ತು ರೂಪಾಯಿ ಹೆಚ್ಚು ಬಿದ್ದರೆ ಅವನು ಗಾಡಿ ಬಿಡುತ್ತಾನೆ, ಬಿಟ್ಟವನು ಮತ್ತೆ ಬರುವುದು ಕಷ್ಟ. ದರ ಇಳಿದ ಸುದ್ದಿ ಹಳ್ಳಿಗಳಲ್ಲಿ ಎಷ್ಟೋ ಜನಕ್ಕೆ ಇನ್ನೂ ಮುಟ್ಟಿಲ್ಲ. ದಯವಿಟ್ಟು ನಿಮ್ಮ ಊರಿನಲ್ಲಿ ಹೇಳಿ.

ಮ್ಯೂಸಿಯಂ ನೋಡಿದ್ದೀರಾ ಅಂತ ಒಬ್ಬರು ಅಕ್ಕ ಕೇಳಿದರು. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲು ವಸ್ತುಸಂಗ್ರಹಾಲಯ ತೆರೆದರು. ಅಲ್ಲಿನ ಹಳೆಯ ರೈಲ್ವೆ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಅಂತ ಹೆಸರಿಟ್ಟು ಒಳಗೆ ಹಳೆಯ ಸಾಮಾನುಗಳನ್ನು ಜೋಡಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಖಂಡಿತ ಹೋಗಿ. ಸಾಮಾನು ಉಳಿಸಿದವರಿಗೆ ನನ್ನ ಕೃತಜ್ಞತೆ ಇದೆ. ಜನರ ಮಾತನ್ನು ಉಳಿಸುವ ಕೆಲಸ ಬಾಕಿ ಇದೆ, ಅದನ್ನು ನಾವೇ ಮಾಡಬೇಕು. ಆ ಫೈರ್‌ಮನ್ ಅಜ್ಜರ ಹತ್ತಿರ ಕೂತು ಯಾರಾದರೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ ಅಂತ ನಾನು ಸಭೆಯಲ್ಲೇ ಕೇಳಿದೆ. ಇಬ್ಬರು ಹುಡುಗರು ಅಲ್ಲೇ ಒಪ್ಪಿಕೊಂಡರು.

ಕೊನೆಗೆ ಹುಲಕೋಟಿ ಕಡೆಯ ರೈತರೊಬ್ಬರು ಎದ್ದು ನಿಂತರು. "ಇಷ್ಟೆಲ್ಲ ಹೇಳಿದ್ರಿ, ಛಲೋ ಆತು. ಈಗ ನಾವು ಏನ ಕೇಳಬೇಕು ಹೇಳ್ರಿ" ಅಂದರು.

ನಾನು ಹೇಳಿದ್ದು ಇಷ್ಟು. ಮೀಟರ್ ಗೇಜ್ ಕೇಳುವುದು ಬೇಡ. ಈಗ ಎರಡು ಸಾಲು ಹಳಿ ಇದೆ, ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ಪ್ಯಾಸೆಂಜರ್ ಮುಂಚಿನಷ್ಟು ಕಾಯಬೇಕಾಗಿಲ್ಲ. ಕರೆಂಟ್ ಇದೆ, ನಿಂತು ಬೇಗ ವೇಗ ಹಿಡಿಯುವ ಮೆಮು ಅನ್ನುವ ಕರೆಂಟ್ ಗಾಡಿ ಇಂಥ ದಾರಿಗೆಂದೇ ಇದೆ. ಹಾಗಾಗಿ ಸಮಯ ಕೇಳಿ. ಬೆಳಿಗ್ಗೆ ಮಾರ್ಕೆಟ್ ಶುರುವಾಗುವ ಮುಂಚೆ ಹುಬ್ಬಳ್ಳಿಗೂ ಗದಗಿಗೂ ಮುಟ್ಟುವ ಗಾಡಿ, ಸಂಜೆ ಕಾಲೇಜು, ಕಚೇರಿ ಬಿಟ್ಟ ಮೇಲೆ ಹೊರಡುವ ಗಾಡಿ, ಎಲ್ಲ ಸಣ್ಣ ಸ್ಟೇಷನ್‌ಗಳಲ್ಲಿ ನಿಲುಗಡೆ, ಬುಟ್ಟಿ ಮತ್ತು ಹಾಲಿನ ಕ್ಯಾನ್‌ಗೆ ಒಂದು ಡಬ್ಬಿ. ಹಾವೇರಿ ದಾರಿಗೂ ಇದನ್ನೇ ಕೇಳಿ. ಬರೀ ಗಾಡಿ ಬೇಕು ಅಂತ ಅರ್ಜಿ ಕೊಟ್ಟರೆ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಕೊಡುತ್ತಾರೆ, ಯಾರೂ ಹತ್ತುವುದಿಲ್ಲ, ಮತ್ತೆ ಜನ ಇಲ್ಲ ಅಂತಾರೆ. ಅದಕ್ಕೆ ನಿಮ್ಮ ಊರಿನಿಂದ ದಿನಾ ಎಷ್ಟು ಜನ ಯಾವ ಹೊತ್ತಿಗೆ ಎಲ್ಲಿಗೆ ಹೋಗುತ್ತಾರೆ ಅಂತ ಒಂದು ವಾರ ನೀವೇ ಎಣಿಸಿ, ಪಟ್ಟಿ ಮಾಡಿ, ಅರ್ಜಿಗೆ ಹಚ್ಚಿ.

ಮನೆಯಲ್ಲಿ ಹಳೆಯ ರಟ್ಟಿನ ಟಿಕೆಟ್, ಪಾಸು, ಟೈಮ್ ಟೇಬಲ್ ಪುಸ್ತಕ ಇದ್ದರೆ ಒಗೆಯಬೇಡಿ. ಮುಂದಿನ ತಿಂಗಳು ಇದೇ ವಾಚನಾಲಯಕ್ಕೆ ತನ್ನಿ. ಯಾವ ಗಾಡಿ ಯಾವ ಊರಿನಲ್ಲಿ ಎಷ್ಟಕ್ಕೆ ನಿಲ್ಲುತ್ತಿತ್ತು ಅನ್ನುವುದನ್ನು ಒಂದು ಕಡೆ ಬರೆಯಲು ಶುರು ಮಾಡೋಣ. ಅರ್ಜಿಯ ಜೊತೆ ಅದನ್ನೂ ಕೊಡೋಣ.